ಲಾಡ್ಜ್ ರೂಮಿನಲ್ಲಿ ಶೂಟಿಂಗ್: ಮೂರು ಪತ್ರ, ವಕೀಲರ ಉತ್ತರ

ಪ್ರಶ್ನೆ: ಮೇಡಂ, ಮೈಸೂರಿನಲ್ಲಿ ನಮ್ಮದು 22 ರೂಮಿನ ಲಾಡ್ಜ್. ಅಪ್ಪನ ಕಾಲದಿಂದ ನಡೆಸುತ್ತಿದ್ದೇವೆ. ಕಳೆದ ತಿಂಗಳು ಇಬ್ಬರು ಗಂಡಸರು, ಒಬ್ಬಳು ಹುಡುಗಿ ಬಂದು ರೂಮ್ ತೆಗೆದುಕೊಂಡರು. ದೊಡ್ಡ ದೊಡ್ಡ ಬ್ಯಾಗ್ ಇದ್ದವು. ಒಬ್ಬರ ಆಧಾರ್ ತೆಗೆದುಕೊಂಡೆವು. ಮಾರನೇ ದಿನ ಹೋದರು. ಮೊನ್ನೆ ಗೆಳೆಯರೊಬ್ಬರು ವಾಟ್ಸ್ಆ್ಯಪ್‌ನಲ್ಲಿ ಅಶ್ಲೀಲ ವಿಡಿಯೋ ಕಳಿಸಿ, ‘ಇದು ನಿಮ್ಮ ರೂಮ್ ಅಲ್ವಾ?’ ಅಂದರು. ಪರದೆ, ಮಂಚ ಎಲ್ಲ ನಮ್ಮದೇ. ಗುರುತು ಹಿಡಿಯಲಿ ಅಂತ ಮ್ಯಾನೇಜರ್‌ಗೂ ಕಳಿಸಿದೆ. ನನ್ನ ಮೇಲೆ ಕೇಸ್ ಆಗುತ್ತಾ? ಇನ್ನು ಮುಂದೆ ಎಲ್ಲರ ಬ್ಯಾಗ್ ಚೆಕ್ ಮಾಡಲಾ?

ಉತ್ತರ: ಮೊದಲನೆಯದು, ಆ ವಿಡಿಯೋವನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಮ್ಯಾನೇಜರ್‌ಗೂ ಹಾಗೇ ಹೇಳಿ. ಲೈಂಗಿಕ ಕ್ರಿಯೆಯ ವಿಡಿಯೋವನ್ನು ಮೊಬೈಲಲ್ಲಿ ಕಳಿಸುವುದೇ ಐಟಿ ಕಾಯ್ದೆಯ 67ಎ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಆಗಬಹುದು. ನೀವು ಕಳಿಸಿದ ಉದ್ದೇಶ ಕೆಟ್ಟದಲ್ಲ, ನನಗೆ ಗೊತ್ತಿದೆ. ಅದಕ್ಕೇ ತಡಮಾಡದೆ ಫೋನ್ ಹಿಡಿದುಕೊಂಡು ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ. ಯಾರು ಕಳಿಸಿದರು, ಯಾವಾಗ, ನೀವು ಯಾರಿಗೆ ಕಳಿಸಿದಿರಿ, ಎಲ್ಲವನ್ನೂ ಇದ್ದ ಹಾಗೆ ಬರೆದುಕೊಡಿ.

ರೂಮ್ ಬಾಡಿಗೆಗೆ ಕೊಟ್ಟಿದ್ದಕ್ಕೆ ನೀವು ಅಪರಾಧಿ ಆಗುವುದಿಲ್ಲ. ಒಳಗೆ ಏನು ನಡೆಯುತ್ತಿದೆ ಎಂದು ಗೊತ್ತಿದ್ದೂ ಜಾಸ್ತಿ ಬಾಡಿಗೆ ಪಡೆದು ಸುಮ್ಮನಿದ್ದರೆ ಮಾತು ಬೇರೆ. ಆಗ ಅದು ಕುಮ್ಮಕ್ಕು. ಆ ದಿನದ ರಿಜಿಸ್ಟರ್ ಪುಟ, ಪಾವತಿ ಬಂದ ಯುಪಿಐ ವಿವರ, ರಿಸೆಪ್ಷನ್ ಸಿಸಿಟಿವಿ ದೃಶ್ಯ ಇವನ್ನು ಇವತ್ತೇ ತೆಗೆದಿಡಿ. ಸಿಸಿಟಿವಿಯಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ. ಪೊಲೀಸರು ಕೇಳುವ ಹೊತ್ತಿಗೆ ಅಳಿಸಿಹೋಗಿರಬಹುದು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬ್ಯಾಗ್ ಬಗ್ಗೆ, ಪರದೆ ಬಗ್ಗೆ ಬರೆದಿದ್ದೀರಿ. ಆ ಹುಡುಗಿ ಬಗ್ಗೆ ಒಂದು ಮಾತೂ ಇಲ್ಲ. ಅವಳ ಗುರುತಿನ ಚೀಟಿ ಯಾರಾದರೂ ನೋಡಿದರಾ? ವಯಸ್ಸೆಷ್ಟು? ಕೌಂಟರ್ ಹತ್ತಿರ ಅವಳು ಒಂದು ಮಾತಾದರೂ ಆಡಿದಳಾ, ಅಥವಾ ಅವಳ ಪರವಾಗಿ ಅವರೇ ಉತ್ತರ ಕೊಟ್ಟರಾ? ನೆನಪಾದದ್ದನ್ನೆಲ್ಲ ಪೊಲೀಸರಿಗೆ ಹೇಳಿ. ಅವಳಿಗೆ 18 ತುಂಬಿಲ್ಲದಿದ್ದರೆ ಪೋಕ್ಸೋ ಕಾಯ್ದೆ ಬರುತ್ತದೆ. ಅದರ 20ನೇ ಕಲಂ ಲಾಡ್ಜ್, ಹೋಟೆಲ್, ಸ್ಟುಡಿಯೋಗಳ ಸಿಬ್ಬಂದಿಯನ್ನು ಹೆಸರಿಟ್ಟೇ ಹೇಳುತ್ತದೆ: ಮಕ್ಕಳನ್ನು ಲೈಂಗಿಕವಾಗಿ ಬಳಸಿಕೊಂಡ ಚಿತ್ರ, ವಿಡಿಯೋ ಕಣ್ಣಿಗೆ ಬಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಒಂದು ಅಪರಾಧ.

ಬ್ಯಾಗ್ ತಪಾಸಣೆ ಬೇಡ. ಗಂಡ ಹೆಂಡತಿಯೋ, ಪ್ರೇಮಿಗಳೋ, ಬಾಗಿಲು ಹಾಕಿಕೊಂಡ ಮೇಲೆ ಅದು ಅವರ ಖಾಸಗಿ ಜಾಗ. ಅದರ ಬದಲು ಬಂದವರು ಮೂವರಾದರೆ ಮೂವರದೂ ಗುರುತಿನ ಚೀಟಿ ಪಡೆಯಿರಿ. ಸಂಪಾದನೆಗಾಗಿ ಮಾಡುವ ಯಾವ ಶೂಟಿಂಗ್‌ಗೂ ಮೊದಲೇ ಬರಹದಲ್ಲಿ ಅನುಮತಿ ಬೇಕು ಎಂದು ಕೌಂಟರಿನಲ್ಲಿ ಬೋರ್ಡ್ ಹಾಕಿ. ರೂಮಿನ ಇಂಟರ್‌ಕಾಮ್ ಕೆಲಸ ಮಾಡುತ್ತಿದೆಯಾ ನೋಡಿ. ಎಷ್ಟೋ ಲಾಡ್ಜ್‌ಗಳಲ್ಲಿ ಅದು ಸುಮ್ನೆ ಮೇಜಿನ ಮೇಲೆ ಕೂತಿರುತ್ತದೆ.

ಇನ್ನೊಂದು ವಿಷಯ. ನಿಮ್ಮ ಅತಿಥಿಗಳಿಗೇ ಗೊತ್ತಿಲ್ಲದ ಹಾಗೆ ಅವರ ವಿಡಿಯೋ ಆಗುತ್ತಿದೆಯಾ ಎಂದೂ ನೋಡಬೇಕು. ದಕ್ಷಿಣ ಕೊರಿಯಾದಲ್ಲಿ 2019ರಲ್ಲಿ ಬಯಲಾದ ಪ್ರಕರಣದಲ್ಲಿ 10 ಊರುಗಳ 30 ಹೋಟೆಲ್‌ಗಳಲ್ಲಿ, 42 ರೂಮುಗಳಲ್ಲಿ ಕ್ಯಾಮೆರಾ ಅಡಗಿಸಿಟ್ಟಿದ್ದರು. ಸುಮಾರು 1,600 ಜನರ ಖಾಸಗಿ ಕ್ಷಣಗಳು ನೇರ ಪ್ರಸಾರ ಆಗಿದ್ದವು. ಟಿವಿ ಬಾಕ್ಸ್, ಗೋಡೆಯ ಸಾಕೆಟ್, ಹೇರ್ ಡ್ರೈಯರ್ ಸಿಕ್ಕಿಸುವ ಸ್ಟ್ಯಾಂಡ್, ಇವೇ ಅಡಗು ಜಾಗ. ರೂಮ್ ಕ್ಲೀನ್ ಮಾಡುವವರಿಗೆ ಇದನ್ನು ತೋರಿಸಿಕೊಡಿ.

ಪ್ರಶ್ನೆ: ಅಕ್ಕ, ನನಗೆ 23 ವರ್ಷ, ಊರು ದಾವಣಗೆರೆ ಹತ್ತಿರ. ಇನ್‌ಸ್ಟಾಗ್ರಾಂನಲ್ಲಿ ಒಬ್ಬರು ವೆಬ್ ಸೀರೀಸ್ ಅವಕಾಶ ಇದೆ, ಪೋರ್ಟ್‌ಫೋಲಿಯೋ ಮಾಡೋಣ ಎಂದು ಬೆಂಗಳೂರಿನ ಹೋಟೆಲ್ ರೂಮಿಗೆ ಕರೆದರು. ಬಂದ ಕೂಡಲೇ ಇಂಗ್ಲಿಷಿನ ಎಂಟು ಪುಟಕ್ಕೆ ಸಹಿ ಹಾಕಿಸಿದರು. ಓದಲು ಬಿಡಲಿಲ್ಲ. ಆಮೇಲೆ ಬಟ್ಟೆ ತೆಗೆಯಲು ಹೇಳಿದರು. ಆಗಲ್ಲ ಅಂದರೆ 5 ಲಕ್ಷ ನಷ್ಟ ಕಟ್ಟಬೇಕು, ಸಹಿ ಹಾಕಿದ್ದೀಯ ಅಂದರು. ಹೆದರಿ ಸ್ವಲ್ಪ ಫೋಟೋಗಳಿಗೆ ಒಪ್ಪಿಕೊಂಡೆ. ಈಗ ಮತ್ತೆ ಬಾ, ಇಲ್ಲದಿದ್ದರೆ ಮನೆಗೆ ಕಳಿಸುತ್ತೇವೆ ಅನ್ನುತ್ತಿದ್ದಾರೆ. ನನ್ನದೇ ತಪ್ಪು ಅಲ್ವಾ?

ಉತ್ತರ: ಅಲ್ಲ ತಂಗಿ. ನಿಮ್ಮ ತಪ್ಪಲ್ಲ. ಕೆಲಸ ಹುಡುಕಿಕೊಂಡು ಹೋದಿರಿ, ಅಷ್ಟೇ.

ಆ 5 ಲಕ್ಷದ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಕಾನೂನು ಬೇಡ ಎಂದ ಕೆಲಸಕ್ಕೆ ಮಾಡಿಕೊಂಡ ಒಪ್ಪಂದ ನಿಲ್ಲುವುದಿಲ್ಲ. 1872ರ ಕರಾರು ಕಾಯ್ದೆಯ 23ನೇ ಕಲಂ ಹೇಳುವುದು ಇದನ್ನೇ. ಹೆದರಿಸಿ, ಮೋಸ ಮಾಡಿ ಪಡೆದ ಸಹಿಯನ್ನೂ ನೀವು ಒಪ್ಪಬೇಕಾಗಿಲ್ಲ. ಅಶ್ಲೀಲ ವಿಡಿಯೋ ಮಾಡಿ ಆನ್‌ಲೈನ್‌ನಲ್ಲಿ ಮಾರುವವರು ಆ ಎಂಟು ಪುಟ ಹಿಡಿದು ಕೋರ್ಟಿಗೆ ಬರುವುದಿಲ್ಲ. ಬಂದರೆ ಸಿಕ್ಕಿಬೀಳುವವರು ಅವರೇ.

‘ಸ್ವಲ್ಪ ಒಪ್ಪಿಕೊಂಡೆ’ ಎಂದು ಬರೆದಿದ್ದೀರಿ. ಆ ಮಾತು ನಿಮ್ಮನ್ನು ಒಳಗೇ ತಿನ್ನುತ್ತಿದೆ ಅಂತ ಕಾಣುತ್ತದೆ. ಯೋಚಿಸಿ, ಅದು ಗೊತ್ತಿಲ್ಲದ ಊರಿನ ರೂಮು, ಬಾಗಿಲು ಹಾಕಿದೆ, ಸುತ್ತ ಅವರೇ ಇದ್ದಾರೆ. ಅಲ್ಲಿ ಹೆದರಿಕೊಂಡು ಹೇಳಿದ ‘ಹೂಂ’ ಒಪ್ಪಿಗೆ ಅಲ್ಲ. ಕ್ಯಾಮೆರಾ ಮುಂದೆ ನಿಲ್ಲಲು ಮನಸಾರೆ ಒಪ್ಪಿದ್ದರೂ, ಹಂಚಲು ಒಪ್ಪಿದಂತೆ ಆಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ವಿವರಣೆಯಲ್ಲಿ ಇದು ಸ್ಪಷ್ಟವಾಗಿದೆ. ತೆಗೆಯಲು ಒಪ್ಪಿ, ಹಂಚಲು ಒಪ್ಪದ ಚಿತ್ರವನ್ನು ಹಂಚಿದರೆ ಅದು ಅಪರಾಧ. ಚಿತ್ರ ತೋರಿಸಿ ದುಡ್ಡು ಕೇಳಿದರೆ 308ನೇ ಕಲಮಿನ ಸುಲಿಗೆ. ಬೆದರಿಕೆಗೆ 351 ಇದೆ.

ಇದು ನಿಮಗೊಬ್ಬರಿಗೇ ಆದದ್ದಲ್ಲ. 2021ರ ಫೆಬ್ರವರಿಯಲ್ಲಿ ಮುಂಬೈ ಪೊಲೀಸರು ಮಡ್ ಐಲ್ಯಾಂಡ್‌ನ ಬಾಡಿಗೆ ಬಂಗಲೆಯ ಮೇಲೆ ದಾಳಿ ಮಾಡಿದಾಗಲೂ ಇಂಥದೇ ಆರೋಪ ಕೇಳಿಬಂತು. ನಟನೆಯ ಆಸೆ ತೋರಿಸಿ ಕರೆಸಿ, ಬಲವಂತವಾಗಿ ಶೂಟ್ ಮಾಡುತ್ತಿದ್ದರು ಎಂಬುದು ಆ ಆರೋಪ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮೈಕಲ್ ಪ್ರ್ಯಾಟ್ ಎಂಬಾತನ ತಂಡ ಮಾಡೆಲಿಂಗ್ ಜಾಹೀರಾತು ಹಾಕಿ ದೂರದೂರದ ಹುಡುಗಿಯರನ್ನು ವಿಮಾನದಲ್ಲಿ ಕರೆಸುತ್ತಿತ್ತು. ಶೂಟಿಂಗ್ ಹೋಟೆಲ್ ರೂಮುಗಳಲ್ಲಿ. ವಿಡಿಯೋ ಇಂಟರ್‌ನೆಟ್‌ಗೆ ಹೋಗಲ್ಲ, ಬೇರೆ ದೇಶಕ್ಕೆ ಡಿವಿಡಿಯಾಗಿ ಹೋಗುತ್ತೆ ಎಂದು ನಂಬಿಸಿದ್ದರು. ಕಾಗದವನ್ನು ಸರಿಯಾಗಿ ಓದಲೂ ಬಿಡುತ್ತಿರಲಿಲ್ಲ. 22 ಮಂದಿ ಧೈರ್ಯ ಮಾಡಿ ಕೋರ್ಟಿಗೆ ಹೋದರು. 2020ರ ಜನವರಿಯಲ್ಲಿ ಅವರಿಗೆ ಸುಮಾರು 1.27 ಕೋಟಿ ಡಾಲರ್ ಪರಿಹಾರದ ತೀರ್ಪು ಬಂತು. ವಿಡಿಯೋಗಳ ಹಕ್ಕೂ ಅವರಿಗೇ ಸಿಕ್ಕಿತು. ದೇಶ ಬಿಟ್ಟು ಓಡಿದ್ದ ಪ್ರ್ಯಾಟ್ 2022ರಲ್ಲಿ ಸ್ಪೇನ್‌ನಲ್ಲಿ ಸಿಕ್ಕಿಬಿದ್ದ. 2025ರಲ್ಲಿ ಅವನಿಗೆ 27 ವರ್ಷ ಜೈಲಾಯಿತು. ಆ ಹುಡುಗಿಯರೂ ಸಹಿ ಹಾಕಿದ್ದವರೇ.

ಈಗ ಮಾಡಬೇಕಾದದ್ದು. ಮತ್ತೆ ಆ ರೂಮಿಗೆ ಹೋಗಬೇಡಿ, ಒಂದು ರೂಪಾಯಿಯನ್ನೂ ಕೊಡಬೇಡಿ. ಚಾಟ್ ಅಳಿಸಬೇಡಿ. ನೋಡಿದರೆ ಸಂಕಟ ಆಗುತ್ತದೆ ಅಂತ ಎಲ್ಲರೂ ಮೊದಲು ಅದನ್ನೇ ಅಳಿಸುತ್ತಾರೆ, ಆದರೆ ಅದೇ ನಿಮ್ಮ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆಯಿರಿ. ಹೋಟೆಲಿನ ಹೆಸರು, ದಿನ, ರೂಮ್ ನಂಬರ್ ಬರೆದಿಡಿ. ದೂರು ಕೊಡಲು ಬೆಂಗಳೂರಿಗೆ ಹೋಗಬೇಕಿಲ್ಲ. ಘಟನೆ ಎಲ್ಲೇ ಆಗಿರಲಿ, ನಿಮ್ಮೂರಿನ ಠಾಣೆಯಲ್ಲೇ ಎಫ್‌ಐಆರ್ ದಾಖಲಿಸಿಕೊಳ್ಳಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆ ಇದೆ. ನಿಮ್ಮ ಹತ್ತಿರ ಇರುವ ಚಿತ್ರದಿಂದ ಅದು ಒಂದು ಡಿಜಿಟಲ್ ಗುರುತು ಮಾಡಿಕೊಳ್ಳುತ್ತದೆ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಕಡೆ ಅದನ್ನು ಹಾಕದಂತೆ ತಡೆಯಲು ಆ ಗುರುತು ಸಾಕು.

ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಅಮ್ಮನಿಗೆ ಆಗದಿದ್ದರೆ ಚಿಕ್ಕಮ್ಮನಿಗೆ, ಅತ್ತಿಗೆಗೆ. ಬೆದರಿಸುವವರ ಕೈಯಲ್ಲಿರುವ ಅಸ್ತ್ರ ‘ಮನೆಗೆ ಹೇಳುತ್ತೇವೆ’ ಅನ್ನೋದೊಂದೇ. ನೀವೇ ಮೊದಲು ಹೇಳಿಬಿಟ್ಟರೆ ಆ ಅಸ್ತ್ರದ ಬಲ ಅರ್ಧಕ್ಕರ್ಧ ಹೋಗುತ್ತದೆ. ರಾತ್ರಿ ಮನಸ್ಸು ಕುಸಿದರೆ 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಮದುವೆ ಫೋಟೋಗ್ರಾಫರ್. ಕೆಲವು ದಂಪತಿಗಳು ಹೋಟೆಲ್ ರೂಮಿನಲ್ಲಿ ಆಪ್ತವಾದ ಫೋಟೋಶೂಟ್ ಕೇಳುತ್ತಾರೆ. ಇದೂ ಅಪರಾಧವಾ?

ಉತ್ತರ: ವಯಸ್ಕರು ಮನಸಾರೆ ಕೇಳಿ, ತಮಗಾಗಿ ಮಾತ್ರ ತೆಗೆಸಿಕೊಳ್ಳುವ ಫೋಟೋ ಅಪರಾಧ ಅಲ್ಲ. ಮೈ ಕಂಡ ಮಾತ್ರಕ್ಕೆ ಚಿತ್ರ ಅಶ್ಲೀಲ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹೇಳಿದೆ. ತೊಂದರೆ ಶುರುವಾಗುವುದು ಚಿತ್ರ ಹೊರಗೆ ಹೋದಾಗ. ನಿಮ್ಮ ಪೇಜಿನಲ್ಲಿ ಒಂದೇ ಒಂದು ಫೋಟೋ ಹಾಕುವುದಕ್ಕೂ ಇಬ್ಬರ ಒಪ್ಪಿಗೆಯೂ ಬೇಕು. ಬರಹದಲ್ಲೇ ಇರಲಿ. ಹೋಟೆಲಿನವರಿಗೆ ಮೊದಲೇ ಹೇಳಿ. ಎಷ್ಟು ಜನ ಬರುತ್ತೀರಿ, ಎಷ್ಟು ಲೈಟ್ ತರುತ್ತೀರಿ ಎಂದು ತಿಳಿಸಿ. ಫೈಲ್‌ಗಳನ್ನು ಅವರಿಗೆ ಕೊಟ್ಟ ಮೇಲೆ ನಿಮ್ಮ ಹಾರ್ಡ್ ಡಿಸ್ಕ್‌ನಿಂದ ಅಳಿಸಿ, ಅಳಿಸಿದ್ದೇನೆ ಎಂದು ಒಂದು ಮೆಸೇಜ್ ಹಾಕಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಶೂಟಿಂಗ್‌ನ ಎರಡು ದಿನ ಮೊದಲೇ ಮನೆಗೆ ಕಳಿಸಿಕೊಡಿ. ಹೆಂಡತಿಯ ಜೊತೆ ಬೇರೆಯಾಗಿ, ಗಂಡ ಪಕ್ಕದಲ್ಲಿ ಇಲ್ಲದಾಗ ಐದು ನಿಮಿಷ ಮಾತಾಡಿ, ನಿಮಗೆ ಇಷ್ಟ ಇದೆಯಾ ಎಂದು ಕೇಳಿ. ಅವರು ತಡವರಿಸಿದರೆ ಆ ಕೆಲಸ ಒಪ್ಪಿಕೊಳ್ಳಬೇಡಿ.