ನೆಲದಾಳ ಪ್ರಶ್ನೋತ್ತರ: ಉಪ್ಪಿನಡಿಯ ಮಸುಕು, ತೋಟದಡಿಯ ಬಂಡೆ

ಪ್ರಶ್ನೆ: ಕಡಲ ತಳದ ಉಪ್ಪಿನ ರಾಶಿಗಳ ಕೆಳಗೆ ತೈಲ ಹುಡುಕುವಾಗ ಭೂಕಂಪನ ಚಿತ್ರ ಮಸುಕಾಗುತ್ತದಂತೆ. ಏಕೆ?
– ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ನೆಲದಾಳಕ್ಕೆ ಕಂಪನದ ಅಲೆ ಕಳಿಸಿ, ಪದರಗಳಿಗೆ ತಾಗಿ ಮರಳುವ ಅಲೆಯಿಂದ ಕಟ್ಟುವುದೇ ಭೂಕಂಪನ ಚಿತ್ರ. ಉಪ್ಪಿನಲ್ಲಿ ಈ ಅಲೆಯ ವೇಗ ಜಾಸ್ತಿ, ಅದೇ ತಕರಾರು. ಕಲ್ಲುಪ್ಪಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 4,500 ಮೀಟರ್ ಓಡುತ್ತದೆ, ಸುತ್ತಲಿನ ಮರಳು-ಜೇಡಿ ಪದರಗಳಲ್ಲಿ 3,000ದ ಆಸುಪಾಸು. ಯಂತ್ರಕ್ಕೆ ಸಿಗುವುದು ಅಲೆ ಹೋಗಿಬಂದ ಸಮಯ ಮಾತ್ರ, ಆಳವನ್ನು ನಾವು ಲೆಕ್ಕ ಹಾಕಬೇಕು. 1 ಕಿ.ಮೀ. ದಪ್ಪದ ಉಪ್ಪನ್ನು ದಾಟಿ ಮರಳಲು 0.44 ಸೆಕೆಂಡ್ ಸಾಕು, ಅಷ್ಟೇ ದಪ್ಪದ ಜೇಡಿಗೆ 0.67 ಬೇಕು. ಉಪ್ಪಿಗೂ 3,000ವನ್ನೇ ಹಾಕಿದರೆ ಅದರ ತಳ 330 ಮೀಟರ್ ಮೇಲೆದ್ದು ಕಾಣುತ್ತದೆ. ಇಲ್ಲದ ದಿಬ್ಬವನ್ನು ನಂಬಿ ಬಾವಿ ಕೊರೆಯುವ ಅಪಾಯ ಅಲ್ಲಿದೆ.

ಜೊತೆಗೆ, ಲಂಬಕ್ಕೆ 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಉಪ್ಪಿಗೆ ತಾಗಿದ ಅಲೆಯ ಬಹುಪಾಲು ಒಳಹೋಗದೆ ಹಿಂದಿರುಗುತ್ತದೆ. ಹಾಗಾಗಿ ಕಡಿದಾದ ಅಂಚುಗಳ ಅಡಿ ನೆರಳು ಬೀಳುತ್ತದೆ. ಮೆಕ್ಸಿಕೋ ಕೊಲ್ಲಿಯಲ್ಲಿ ಹಲವು ದಿಕ್ಕುಗಳಿಂದ ಅಲೆ ಹಾಯಿಸಿ, ಕಡಲ ತಳದಲ್ಲೇ ಅಲೆ ಹಿಡಿಯುವ ಸಾಧನಗಳನ್ನಿಟ್ಟು ಅಳೆಯುವುದು ಈ ನೆರಳಿಗೆ ಬೆಳಕು ಬಿಡಲಿಕ್ಕೇ.

ಚಿತ್ರ ಕಟ್ಟುವುದು ಕಂತಿನಲ್ಲಿ. ಮೊದಲು ಎಲ್ಲೆಡೆ ಜೇಡಿಯ ವೇಗ ತುಂಬಿ ಉಪ್ಪಿನ ನೆತ್ತಿ ಗುರುತಿಸುತ್ತಾರೆ. ಆಮೇಲೆ ನೆತ್ತಿಯಿಂದ ಕೆಳಗೆಲ್ಲ ಉಪ್ಪಿನ ವೇಗ ತುಂಬಿ ತಳ ಹುಡುಕುತ್ತಾರೆ. ತಳ ಸಿಕ್ಕಿದ ಮೇಲೆ ಅದರಡಿಗೆ ಮತ್ತೆ ಜೇಡಿಯ ವೇಗ. ನೆತ್ತಿಯ ಗೆರೆಯನ್ನು ತಪ್ಪಾಗಿ ಎಳೆದರೆ ಕೆಳಗಿನದೆಲ್ಲ ಸೊಟ್ಟ. ಉಪ್ಪಿನೊಳಗೆ ಅನ್‌ಹೈಡ್ರೈಟ್ ಎಂಬ ಖನಿಜದ ಅಥವಾ ಜೇಡಿಯ ತುಣುಕು ಸಿಕ್ಕಿಕೊಂಡಿದ್ದರೆ 4,500ರ ಲೆಕ್ಕವೂ ಕೈಕೊಡುತ್ತದೆ.

ಪ್ರಶ್ನೆ: ಕೊಡಗಿನ ಅಡಿಯಲ್ಲಿ ಇಂಥ ಉಪ್ಪು ಇದೆಯೇ?
– ಓದುಗರು, ಕುಶಾಲನಗರ

ಉತ್ತರ: ಇಲ್ಲ. ಇಲ್ಲಿರುವುದು ನೈಸ್, ಚಾರ್ನೊಕೈಟ್‌ನಂಥ ಹಳೆಯ ಗಟ್ಟಿ ಶಿಲೆ. ಕಲ್ಲುಪ್ಪು ನೋಡಬೇಕೆಂದರೆ ಹಿಮಾಚಲದ ಮಂಡಿಗೆ ಹೋಗಿ.

ಪ್ರಶ್ನೆ: 2018ರ ಭೂಕುಸಿತದ ನಂತರ ನಮ್ಮ ಕಾಫಿ ತೋಟದ ಬರೆಯ (ಕಡಿದಾದ ಮಣ್ಣಿನ ಇಳಿಜಾರಿನ) ಬಗ್ಗೆ ಭಯವಿದೆ. ಮಣ್ಣಿನಡಿ ಬಂಡೆ ಎಷ್ಟು ಆಳದಲ್ಲಿದೆಯೆಂದು ಅಲೆಗಳಿಂದ ತಿಳಿಯಬಹುದೇ?
– ಬೆಳೆಗಾರರು, ಮಾದಾಪುರ

ಉತ್ತರ: ತಿಳಿಯಬಹುದು, ಸಿಡಿಮದ್ದೂ ಬೇಡ. ನೆಲದ ಕಂಪನ ಹಿಡಿಯುವ ಪುಟ್ಟ ಸಾಧನಗಳಾದ 24 ಜಿಯೋಫೋನ್‌ಗಳನ್ನು 5 ಮೀಟರಿಗೊಂದರಂತೆ, ತರಗು ಸರಿಸಿ ಗಟ್ಟಿ ಮಣ್ಣಿಗೆ ಚುಚ್ಚಬೇಕು. 115 ಮೀಟರಿನ ಈ ಸಾಲು 25 ಮೀಟರ್ ಆಳದವರೆಗೆ ಸಾಕು. ತುದಿಯಲ್ಲಿ ಲೋಹದ ಹಲಗೆಯಿಟ್ಟು 8 ಕಿಲೋ ಸಮ್ಮಟಿಗೆಯಿಂದ ಹತ್ತು ಪೆಟ್ಟು ಹಾಕಿ ದಾಖಲೆ ಕೂಡಿಸಿ. ಇನ್ನೊಂದು ತುದಿಯಲ್ಲೂ ಹೊಡೆಯಲೇಬೇಕು, ಇಲ್ಲದಿದ್ದರೆ ಬಂಡೆಯ ಇಳಿಜಾರು ಗೊತ್ತಾಗದು.

ಹತ್ತಿರದ ಜಿಯೋಫೋನ್‌ಗಳಿಗೆ ಮಣ್ಣಿನಲೆ ಮೊದಲು ಮುಟ್ಟುತ್ತದೆ, ದೂರದವಕ್ಕೆ ಬಂಡೆಯ ಮೇಲೆ ಓಡಿದ ಅಲೆ. ಮಣ್ಣಿನಲ್ಲಿ ಅಲೆಯ ವೇಗ ಸೆಕೆಂಡಿಗೆ 500 ಮೀಟರ್, ಬಂಡೆಯಲ್ಲಿ 5,000 ಇದ್ದು, ಪೆಟ್ಟು ಹಾಕಿದ ಜಾಗದಿಂದ 40 ಮೀಟರಿನಲ್ಲಿ ಸರದಿ ಬದಲಾದರೆ ಬಂಡೆ ಸುಮಾರು 18 ಮೀಟರ್ ಕೆಳಗಿದೆ.

ಮಳೆಗಾಲದಲ್ಲಿ ಮಾಡಿಸಬೇಡಿ. ನೀರು ತುಂಬಿದ ಮಣ್ಣಿನ ವೇಗ 1,500ಕ್ಕೆ ಏರಿ ಶಿಥಿಲ ಬಂಡೆಯಂತೆ ಕಾಣುತ್ತದೆ. ಜನವರಿ-ಫೆಬ್ರವರಿ ಒಳ್ಳೆಯದು, ಆದರೆ ಹೂವಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಪಂಪು ಆಗ ನಿಲ್ಲಿಸಿರಬೇಕು. ಗಾಳಿಗೆ ಸಿಲ್ವರ್ ಓಕ್ ತೂಗಿದರೆ ಬೇರಿನ ಅಲುಗಾಟವೂ ದಾಖಲಾಗುತ್ತದೆ, ಬೆಳಗಿನ ಹೊತ್ತೇ ವಾಸಿ. ಮಣ್ಣಿನೊಳಗಿನ ಗುಂಡುಕಲ್ಲು ಉಪ್ಪಿನ ಆಟವನ್ನೇ ಆಡುತ್ತದೆ: ಅಲೆ ಬೇಗ ಬಂದು ಬಂಡೆ ಮೇಲಿದ್ದಂತೆ ತೋರುತ್ತದೆ. ಸಾಲನ್ನು 10 ಮೀಟರ್ ಪಕ್ಕಕ್ಕೆ ಸರಿಸಿ ಮತ್ತೆ ಅಳೆಯಿರಿ. ಬರೆ ನಿಲ್ಲುತ್ತದೋ ಎಂಬುದಕ್ಕೆ ಮಣ್ಣಿನ ಮಾದರಿ, ನೀರಿನ ಮಟ್ಟ ಎರಡನ್ನೂ ಬೇರೆಯಾಗಿ ನೋಡಿಸಬೇಕು.