ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮತ್ತೆ ತರಬೇತಿ ಏಕೆ ಪಡೆಯಬೇಕು?

ಮನೆಯ ಉಪಕರಣಗಳು ಬದಲಾಗಿವೆ, ಹಳೆಯ ಪಾಠದಂತೆ ಹಾಕಿದ ರಕ್ಷಣೆ ಈಗ ಕೆಲಸ ಮಾಡದೇ ಹೋಗಬಹುದು. ಅದಕ್ಕೇ.

ಆರ್‌ಸಿಸಿಬಿಯನ್ನೇ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ತೆಗೆದುಕೊಳ್ಳಿ. 'ಎಸಿ' ಟೈಪ್‌ನದು ಎಸಿ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಸೋರಿಕೆಯನ್ನಷ್ಟೇ ಗುರುತಿಸುತ್ತದೆ. ಇವಿ (ವಿದ್ಯುತ್ ವಾಹನ) ಚಾರ್ಜರ್, ಇನ್ವರ್ಟರ್ ವಾಷಿಂಗ್ ಮೆಷಿನ್‌ಗಳೊಳಗೆ ಎಸಿಯು ಡಿಸಿ (ಒಂದೇ ದಿಕ್ಕಿನ ಕರೆಂಟ್) ಆಗುತ್ತದೆ. ಆ ಡಿಸಿ ಸೋರಿದರೆ ಸ್ವಿಚ್ಚಿನೊಳಗಿನ ಲೋಹದ ಕೋರ್ ಕಾಂತತೆಯಿಂದ ತುಂಬಿ ಮಂಕಾಗುತ್ತದೆ. ಆಮೇಲೆ 30 ಮಿಲಿಆಂಪ್ ಎಸಿ ಸೋರಿದರೂ ಟ್ರಿಪ್ ಆಗದಿರಬಹುದು. ಜೀವಕ್ಕೇ ಅಪಾಯ. 'ಎ' ಟೈಪ್ 6 ಮಿಲಿಆಂಪ್‌ವರೆಗಿನ ಡಿಸಿ ತಾಳುತ್ತದೆ. ಇವಿ ಚಾರ್ಜರಿಗೆ ಡಿಸಿ ಸೋರಿಕೆಯನ್ನೂ ಗುರುತಿಸುವ 'ಬಿ' ಟೈಪ್ ಬೇಕು. ಚಾರ್ಜರಿನಲ್ಲೇ 6 ಮಿಲಿಆಂಪ್ ಡಿಸಿ ಪತ್ತೆ ವ್ಯವಸ್ಥೆ ಇದ್ದರೆ 'ಎ' ಸಾಕು.

ವೈರಿಂಗ್ ಮಾನದಂಡ ಐಎಸ್ 732 ಕೂಡ 2019ರಲ್ಲಿ ಪರಿಷ್ಕೃತವಾಗಿದೆ. ತರಬೇತಿ ಆರಿಸುವಾಗ ಆರ್‌ಸಿಡಿ ಟೆಸ್ಟರ್ (ಆರ್‌ಸಿಸಿಬಿಯಂಥ ಸ್ವಿಚ್ ಸರಿಯಾಗಿ ಟ್ರಿಪ್ ಆಗುತ್ತದೆಯೇ ಎಂದು ಅಳೆಯುವ ಉಪಕರಣ) ಕೈಗೆ ಕೊಟ್ಟು ಅಳತೆ ಮಾಡಿಸುತ್ತಾರೆಯೇ ಎಂದು ಮೊದಲು ಕೇಳಿ.