ತೊಗರಿ ಸಾಲಿನ ನಡುವೆ ಗಾಂಜಾ

ಪ್ರಶ್ನೆ: ಮಾನ್ವಿ ಬಳಿಯ ನಮ್ಮ ತೊಗರಿ ಹೊಲವನ್ನು ಗುತ್ತಿಗೆಗೆ ಕೊಟ್ಟಿದ್ದೇನೆ. ಸಾಲುಗಳ ನಡುವೆ ನಾಲ್ಕು ಗಾಂಜಾ ಗಿಡಗಳು ಎದೆಯೆತ್ತರ ಬೆಳೆದಿವೆ. ಗುತ್ತಿಗೆದಾರ, ‘ಎಲೆ ಕೊಯ್ದು ಭಂಗಿ ಮಾಡುತ್ತೇನೆ, ಎಲೆಗೆ ಕೇಸಿಲ್ಲ’ ಎನ್ನುತ್ತಾನೆ. ನಿಜವೇ?
– ಓದುಗರು, ರಾಯಚೂರು ಜಿಲ್ಲೆ

ಉತ್ತರ: ಅರ್ಧ ನಿಜ, ಜೈಲಿಗೆ ಕಳಿಸುವುದು ಉಳಿದರ್ಧ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರಿಯ ಎಲೆ, ಬೀಜ ಆ ವ್ಯಾಖ್ಯೆಗೆ ಸೇರುವುದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಂಗಿ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟಾಗಲೂ ಇದೇ ಅಂಶ ಚರ್ಚೆಗೆ ಬಂದಿತ್ತು. ನಿಮ್ಮ ಗುತ್ತಿಗೆದಾರ ಪತ್ರಿಕೆಯ ಶೀರ್ಷಿಕೆ ಓದಿ ಅಲ್ಲಿಗೇ ನಿಲ್ಲಿಸಿದಂತಿದೆ! ಎಲೆಗೆ ರಾಜ್ಯದ ಅಬಕಾರಿ ಕಾನೂನು ಬೇರೆಯೇ ಇದೆ.

ಗಿಡದ ಮಾತು ಇನ್ನೂ ಬೇರೆ. ಪರವಾನಗಿಯಿಲ್ಲದೆ ಬೆಳೆದರೆ 20ನೇ ಕಲಮಿನಡಿ 10 ವರ್ಷದವರೆಗೆ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ. ಎಲೆಗಾಗಿ ಬೆಳೆದೆ ಎಂದರೆ ರಿಯಾಯಿತಿಯಿಲ್ಲ.

ನೀವೂ ಹೊರಗಿಲ್ಲ. ಹೊಲದಲ್ಲಿ ಅಕ್ರಮ ಗಾಂಜಾ ಇದ್ದರೆ ಭೂಹಿಡುವಳಿದಾರ ತಕ್ಷಣ ತಿಳಿಸಬೇಕೆಂದು 46ನೇ ಕಲಂ ಹೇಳುತ್ತದೆ. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಅಪರಾಧ. ಗಿಡಗಳನ್ನು ನೀವೇ ಕಿತ್ತು ಬದುವಿಗೆ ಎಸೆಯಬೇಡಿ. ಸರ್ವೆ ನಂಬರ್ ಮತ್ತು ಗುತ್ತಿಗೆ ಪತ್ರದ ಪ್ರತಿಯೊಂದಿಗೆ ಠಾಣೆಗೆ ಅಥವಾ ಅಬಕಾರಿ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಾಳೆಯಲ್ಲ, ಇಂದೇ.